ನ್ಯಾಯಮೂರ್ತಿಗಳು ಕಾರವಾರಕ್ಕೆ ಬಂದರೆ ಬಿಲ್ ಯಾರ ಹೆಸರಿಗೆ?

ಊರಿನ ಐಬಿಗೆ (ಸರ್ಕಾರಿ ಪ್ರವಾಸಿ ಮಂದಿರಕ್ಕೆ) ಸುಣ್ಣ-ಬಣ್ಣ ಶುರುವಾಯಿತು ಎಂದರೆ ಯಾರೋ ದೊಡ್ಡವರು ಬರುತ್ತಿದ್ದಾರೆ ಎಂದೇ ಲೆಕ್ಕ. ಮಂತ್ರಿಗಳಾದರೆ ಮೊದಲೇ ಬ್ಯಾನರ್ ಬೀಳುತ್ತದೆ, ಪೇಪರಿನಲ್ಲಿ ಬರುತ್ತದೆ. ಹೈಕೋರ್ಟ್ ನ್ಯಾಯಮೂರ್ತಿಗಳಾದರೆ ಅಷ್ಟು ಸದ್ದಿರುವುದಿಲ್ಲ. ಕೋರ್ಟ್ ಆವರಣದ ಹುಲ್ಲು ಕತ್ತರಿಸುತ್ತಾರೆ, ರೆಕಾರ್ಡ್ ರೂಮಿನ ಧೂಳು ಹಾರುತ್ತದೆ, ಶಿರಸ್ತೇದಾರರ ಮುಖದಲ್ಲಿ ನಿದ್ದೆ ಕಾಣುವುದಿಲ್ಲ. ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಈ ಖರ್ಚೆಲ್ಲ ಯಾರದ್ದು ಮಾರಾಯ್ರೇ?"

"ಸರ್ಕಾರದ್ದು" ಅಂತ ಉತ್ತರ ಬರುತ್ತದೆ. ತಪ್ಪಲ್ಲ. ಆದರೆ ಸರ್ಕಾರದ ಅಂಗಿಗೆ ಬಹಳ ಜೇಬುಗಳಿವೆ. ಒಬ್ಬ ನ್ಯಾಯಮೂರ್ತಿ ಎರಡು ದಿನ ಕಾರವಾರಕ್ಕೆ ಬಂದು ಹೋದರೆ ಕಾರಿನ ಡೀಸೆಲ್ ಒಂದು ಜೇಬಿನಿಂದ, ಕೋಣೆ ಇನ್ನೊಂದರಿಂದ, ಊಟ ಮತ್ತೊಂದರಿಂದ, ಎಸ್ಕಾರ್ಟ್ ಜೀಪು ನಾಲ್ಕನೆಯದರಿಂದ. ಒಟ್ಟು ಎಷ್ಟಾಯಿತು ಎಂದು ಕೂಡಿಸಿ ತೋರಿಸುವ ಕಾಗದ ಮಾತ್ರ ಸಿಗುವುದು ಕಷ್ಟ. ಯಾರೋ ಮುಚ್ಚಿಟ್ಟಿದ್ದಾರೆ ಎಂದಲ್ಲ. ಲೆಕ್ಕ ಇಡುವ ಪದ್ಧತಿಯೇ ಹಾಗೆ. ಆ ಜೇಬುಗಳನ್ನು ಒಂದೊಂದಾಗಿ ನೋಡೋಣ.

ಬರುವುದು ಯಾಕೆ?

ಉತ್ತರ ಕನ್ನಡ ಜಿಲ್ಲೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಸೇರುತ್ತದೆ. ಈ ಪೀಠ 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ, 2013ರ ಆಗಸ್ಟಿನಲ್ಲಿ ಕಾಯಂ ಆಯಿತು. ಅದಕ್ಕೂ ಮೊದಲು ಭಟ್ಕಳದವರಾಗಲಿ ಹಳಿಯಾಳದವರಾಗಲಿ ಹೈಕೋರ್ಟ್ ಕೆಲಸಕ್ಕೆ ಬೆಂಗಳೂರಿನ ರಾತ್ರಿ ಬಸ್ಸೇ ಹತ್ತಬೇಕಿತ್ತು. ಈಗ ಕರಾವಳಿಯವರು ಅರಬೈಲ್ ಘಟ್ಟ ಹತ್ತಿದರೆ ಸಾಕು. ಅದರ ಬದಲು ನ್ಯಾಯಮೂರ್ತಿಗಳು ಬೆಂಗಳೂರಿನಿಂದ ಸರದಿಯ ಮೇಲೆ ಧಾರವಾಡಕ್ಕೆ ಬಂದು ಕೂರುತ್ತಾರೆ. ಅವರಿಗೆ ಅಲ್ಲಿ ಮನೆ ಬೇಕು, ಕಾರು ಬೇಕು, ಸಿಬ್ಬಂದಿ ಬೇಕು. ಇದನ್ನು ಸುಮ್ನೆ ದುಂದು ಎನ್ನುವ ಮೊದಲು, ಸಾವಿರಾರು ಕಕ್ಷಿದಾರರ ಬಸ್ ಚಾರ್ಜು, ಲಾಡ್ಜ್ ಬಾಡಿಗೆ ಉಳಿದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ?

ಧಾರವಾಡದಿಂದ ಕಾರವಾರ, ಶಿರಸಿಗೆ ಬರುವುದಕ್ಕೆ ಬೇರೆಯೇ ಕಾರಣವಿದೆ. ಸಂವಿಧಾನದ 235ನೇ ವಿಧಿಯ ಪ್ರಕಾರ ಜಿಲ್ಲೆಯ ಎಲ್ಲ ಕೆಳ ನ್ಯಾಯಾಲಯಗಳ ಮೇಲೆ ಹತೋಟಿ ಹೈಕೋರ್ಟಿನದು. ಅದಕ್ಕಾಗಿ ಪ್ರತಿ ಜಿಲ್ಲೆಗೂ ಒಬ್ಬ ಆಡಳಿತಾತ್ಮಕ ನ್ಯಾಯಮೂರ್ತಿಯನ್ನು ಗೊತ್ತು ಮಾಡಿರುತ್ತಾರೆ. ಅವರು ಬಂದು ಎಷ್ಟು ಕೇಸು ಬಾಕಿ ಇದೆ, ರಿಜಿಸ್ಟರುಗಳು ಸರಿಯಾಗಿವೆಯೇ, ಕಕ್ಷಿದಾರರಿಗೆ ಕೂರಲು ಜಾಗ ಇದೆಯೇ, ಮಹಿಳೆಯರ ಶೌಚಾಲಯಕ್ಕೆ ನೀರಿದೆಯೇ ಎಂದೆಲ್ಲ ನೋಡುತ್ತಾರೆ. ಹನ್ನೆರಡು ತಾಲ್ಲೂಕುಗಳ ಜಿಲ್ಲೆ ಇದು. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ, ಅದರಾಚೆ ಬಯಲುಸೀಮೆ. ಕಾರವಾರದ ಕೋರ್ಟು ನೋಡಿ ಅದೇ ದಿನ ಶಿರಸಿ, ಮುಂಡಗೋಡ ಮುಗಿಸಿ ವಾಪಸ್ ಹೋಗುತ್ತೇನೆ ಎಂದರೆ ಆಗುವ ಮಾತಲ್ಲ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನು, ಮುಂದಿನ ತಿಂಗಳೇ ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದನ್ನು ನೋಡಿದವರು ನಾವು. ರಾತ್ರಿ ಉಳಿಯಲೇಬೇಕು.

ನ್ಯಾಯ ಹೇಳುವವರು ತಿರುಗುವುದೇನೂ ಹೊಸತಲ್ಲ. ಕೆನರಾ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1800ರ ದಶಕದ ಆರಂಭದಲ್ಲಿ, ತಲಶ್ಶೇರಿಯಲ್ಲಿದ್ದ ಸಂಚಾರಿ ನ್ಯಾಯಾಲಯದ ನ್ಯಾಯಾಧೀಶರು ಈ ಕರಾವಳಿಗೆ ಬರುತ್ತಿದ್ದರು. 1862ರಲ್ಲಿ ಉತ್ತರ ಭಾಗ ಮುಂಬೈ ಪ್ರಾಂತ್ಯಕ್ಕೆ ಸೇರಿತು, ಕಾರವಾರ ಬೆಳೆಯಿತು. ಇಲ್ಲಿಗೆ ಜಿಲ್ಲಾ ನ್ಯಾಯಾಧೀಶರಾಗಿ ಬಂದವರಲ್ಲಿ ಒಬ್ಬರು ಸತ್ಯೇಂದ್ರನಾಥ ಟಾಗೋರ್, ಐಸಿಎಸ್ ಸೇರಿದ ಮೊದಲ ಭಾರತೀಯ. 1883ರ ಹೊತ್ತಿಗೆ ಅವರ ಮನೆಗೆ ಬಂದು ಉಳಿದಿದ್ದ ತಮ್ಮ ರವೀಂದ್ರನಾಥರಿಗೆ ಆಗ ಇಪ್ಪತ್ತೆರಡರ ಪ್ರಾಯ. ನಮ್ಮ ಕಡಲ ತೀರಕ್ಕೆ ಅವರ ಹೆಸರು ಬಂದದ್ದು ಆ ಅತಿಥಿ ವಾಸದಿಂದಲೇ. ಸರ್ಕಾರಿ ನ್ಯಾಯಾಧೀಶರ ಮನೆಯ ಆತಿಥ್ಯದಿಂದ ಊರಿಗೆ ಆದ ಲಾಭಗಳಲ್ಲಿ ಇದಕ್ಕಿಂತ ದೊಡ್ಡದು ನನಗಂತೂ ಕಾಣುವುದಿಲ್ಲ!

ಮೊದಲ ಜೇಬು: ಮತ ಹಾಕಲಾಗದ ಖರ್ಚು

ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಭತ್ಯೆ ರಾಜ್ಯದ ಸಂಚಿತ ನಿಧಿಯ, ಅಂದರೆ ಬೊಕ್ಕಸದ ಮೇಲೆ ನೇರವಾಗಿ ಹೊರಿಸಿದ ಖರ್ಚು. ಸಂವಿಧಾನದ 202ನೇ ವಿಧಿ ಹಾಗೆ ಹೇಳುತ್ತದೆ. ಹೈಕೋರ್ಟಿನ ಆಡಳಿತ ವೆಚ್ಚವೂ ಹಾಗೆಯೇ, ಅದು 229ನೇ ವಿಧಿ. ಹೀಗೆ ಹೊರಿಸಿದ ಖರ್ಚನ್ನು ವಿಧಾನಸಭೆ ಚರ್ಚಿಸಬಹುದು, ಆದರೆ ಮತಕ್ಕೆ ಹಾಕುವಂತಿಲ್ಲ. ಕಾರಣ ಸರಳ. ಸರ್ಕಾರದ ವಿರುದ್ಧ ತೀರ್ಪು ಬಂತೆಂದು ಸಿಟ್ಟಾದ ಸದನ ಮಾರನೇ ದಿನ ನ್ಯಾಯಮೂರ್ತಿಗಳ ಭತ್ಯೆಗೆ ಕತ್ತರಿ ಹಾಕಬಾರದು.

ಎಷ್ಟು ಕೊಡಬೇಕು ಎಂದು ಸಂಸತ್ತಿನ 1954ರ ಕಾಯ್ದೆ ಹೇಳುತ್ತದೆ. ಹೈಕೋರ್ಟ್ ನ್ಯಾಯಮೂರ್ತಿಗಳಿಗೆ 2016ರಿಂದ ತಿಂಗಳಿಗೆ ಮೂಲ ಸಂಬಳ 2,25,000 ರೂಪಾಯಿ. ಬಾಡಿಗೆ ಇಲ್ಲದ ಸರ್ಕಾರಿ ಮನೆ, ಒಂದು ಕಾರು, ತಿಂಗಳಿಗೆ 200 ಲೀಟರ್ ಇಂಧನ ಅಥವಾ ನಿಜವಾಗಿ ಖರ್ಚಾದದ್ದು, ಎರಡರಲ್ಲಿ ಯಾವುದು ಕಡಿಮೆಯೋ ಅದು. ಕರ್ತವ್ಯದ ಮೇಲೆ ಪ್ರಯಾಣ ಮಾಡಿದರೆ ಅದರ ಖರ್ಚಿಗೆ ಬೇರೆ ಭತ್ಯೆ. ಇದಕ್ಕೆ 1956ರಲ್ಲಿ ಮಾಡಿದ ನಿಯಮಗಳಿವೆ. ಇದರ ಜೊತೆ ಆತಿಥ್ಯ ಭತ್ಯೆ ಅಂತ ತಿಂಗಳಿಗೆ 27,000 ರೂಪಾಯಿ. ಇಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಇದು ನ್ಯಾಯಮೂರ್ತಿಗಳು ತಮ್ಮಲ್ಲಿಗೆ ಬಂದವರಿಗೆ ಚಾ-ತಿಂಡಿ ಕೊಡಲು ಇರುವ ಹಣ. ಅವರೇ ಅತಿಥಿಯಾಗಿ ಶಿರಸಿಗೆ ಬಂದಾಗ ಊಟದ ಖರ್ಚಿಗೂ ಇದಕ್ಕೂ ಸಂಬಂಧವಿಲ್ಲ.

ಜೊತೆಗೆ ಬರುವವರನ್ನು ಮರೆಯಬಾರದು. ಆಪ್ತ ಕಾರ್ಯದರ್ಶಿ, ಡಫೇದಾರ, ಚಾಲಕ, ಗನ್‌ಮ್ಯಾನ್. ಇವರ ಟಿ.ಎ. (ಪ್ರಯಾಣ ಭತ್ಯೆ) ಬಿಲ್ ರಾಜ್ಯ ನೌಕರರ ನಿಯಮದ ಪ್ರಕಾರ. ಸರ್ಕಾರಿ ಲೆಕ್ಕದಲ್ಲಿ ಒಂದು ಹಳೇ ತತ್ವವಿದೆ: ಊಟ, ವಸತಿ ಪುಕ್ಕಟೆ ಸಿಕ್ಕಿದ್ದರೆ ದಿನಭತ್ಯೆಯನ್ನು ಆ ಮಟ್ಟಿಗೆ ಕಡಿಮೆ ಮಾಡಿಕೊಳ್ಳಬೇಕು. ಒಂದೇ ಊಟಕ್ಕೆ ಎರಡು ಸಲ ದುಡ್ಡು ಹೋಗಬಾರದು ಎಂದು. ಬಜೆಟ್ ಪುಸ್ತಕದಲ್ಲಿ ಇದೆಲ್ಲ 2014, ನ್ಯಾಯಾಡಳಿತ ಎಂಬ ಲೆಕ್ಕ ಶೀರ್ಷಿಕೆಯಡಿ ಸಿಗುತ್ತದೆ. ಆ 2014 ಇಸವಿಯಲ್ಲ, ಶೀರ್ಷಿಕೆಯ ಸಂಖ್ಯೆ.

ಕೋಣೆಯ ನಿಜವಾದ ಬೆಲೆ

ಐಬಿ ಲೋಕೋಪಯೋಗಿ ಇಲಾಖೆಯದು. ಅದರ ದುಡ್ಡು ಹೈಕೋರ್ಟಿನದಲ್ಲ, ವಿಧಾನಸಭೆ ಮತ ಹಾಕಿ ಕೊಟ್ಟ ಹಣ. 2059, ಲೋಕೋಪಯೋಗಿ ಕಾಮಗಾರಿ. ಅತಿಥಿ ಗೃಹಗಳಿಗೆಂದೇ 2070ರ ಕೆಳಗೆ ಇನ್ನೊಂದು ಉಪಶೀರ್ಷಿಕೆ ಇದೆ. ಅಂದರೆ ಒಂದೇ ಭೇಟಿಯಲ್ಲಿ ಕಾರಿನಿಂದ ಇಳಿದು ಐಬಿಯ ಮೆಟ್ಟಿಲು ಹತ್ತುವಷ್ಟರಲ್ಲಿ, ಮತ ಹಾಕಲಾಗದ ಖರ್ಚು ಮುಗಿದು ಮತ ಹಾಕಬಹುದಾದ ಖರ್ಚು ಶುರುವಾಗಿರುತ್ತದೆ.

ಐಬಿಯಲ್ಲಿ ಒಂದು ದಪ್ಪ ರಿಜಿಸ್ಟರ್ ಇರುತ್ತದೆ. ಮಳೆಗಾಲದ ಒಂದು ದಿನ ಘಟ್ಟದ ಮೇಲಿನ ಐಬಿಯೊಂದರ ವರಾಂಡದಲ್ಲಿ ನಿಂತು ಅದನ್ನು ತಿರುವಿ ನೋಡಿದ್ದೆ. ಹಾಳೆಗಳು ತೇವಕ್ಕೆ ಉಬ್ಬಿದ್ದವು. ಹೆಸರು, ಹುದ್ದೆ, ಬಂದ ಹೊತ್ತು, ಹೋದ ಹೊತ್ತು, ಬಾಡಿಗೆ, ರಸೀದಿ ಸಂಖ್ಯೆ. ನಡುವೆ ಒಂದು ಕಲಂ: ಕರ್ತವ್ಯದ ಮೇಲೋ, ಖಾಸಗಿಯೋ. ಎರಡಕ್ಕೂ ದರ ಬೇರೆ, ಖಾಸಗಿಗೆ ಜಾಸ್ತಿ. ಹುದ್ದೆಯ ಕಲಂನಲ್ಲಿ ಅಕ್ಷರ ದುಂಡಗೆ, ದೊಡ್ಡದಾಗಿ ಇತ್ತು. ಬಾಡಿಗೆಯ ಕಲಂ ಬಹಳ ಕಡೆ ಖಾಲಿ. ಐಬಿ ನೋಡಿಕೊಳ್ಳುವ ಮೇಟಿಯನ್ನು ಕೇಳಿದರೆ, "ಆಮೇಲೆ ಬರೀತಾರೆ ಸರ್" ಎಂದ.

ಆದರೆ ಬಾಡಿಗೆಯ ಈ ನೂರಿನ್ನೂರು ರೂಪಾಯಿಯ ಹಿಂದೆ ಬಿದ್ದರೆ ದೊಡ್ಡ ಖರ್ಚು ಕಣ್ತಪ್ಪುತ್ತದೆ. ಐಬಿಯ ನಿಜವಾದ ಖರ್ಚು ಯಾರೂ ಉಳಿಯದ ದಿನಗಳದ್ದು. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಜೂನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಪಾಚಿ, ಹಾಸಿಗೆಗೆ ಬೂಸಲು. ಉಳಿದ ತಿಂಗಳು ಉಪ್ಪುಗಾಳಿ. ಎ.ಸಿ.ಯ ಹೊರಗಿನ ಪೆಟ್ಟಿಗೆ, ಕಿಟಕಿಯ ಸರಳು, ಗೇಟಿನ ತಿರುಗಣಿ ಎಲ್ಲಕ್ಕೂ ತುಕ್ಕು. ಹೆಂಚು ಸರಿಸಿ ಸೋರಿಕೆ ನಿಲ್ಲಿಸಬೇಕು, ಚಿರೇಕಲ್ಲಿನ ಗೋಡೆಗೆ ಮತ್ತೆ ಗಾರೆ ಹಾಕಬೇಕು. ವಿಐಪಿ ಕೋಣೆ ಎಂದು ಒಂದೆರಡನ್ನು ಬೀಗ ಹಾಕಿ ಕಾದಿಟ್ಟರೂ ಈ ಖರ್ಚು ನಿಲ್ಲುವುದಿಲ್ಲ. ಮೇಟಿಯ, ಅಡುಗೆಯವರ ಸಂಬಳವೂ ನಿಲ್ಲುವುದಿಲ್ಲ. ಹಾಗಾಗಿ "ನ್ಯಾಯಮೂರ್ತಿಗಳ ಊಟಕ್ಕೆ ಇಸವಾಣ ಮೀನು ತಂದರಂತೆ" ಎಂಬ ಮಾತಿಗಿಂತ, ವರ್ಷದಲ್ಲಿ ಆ ಕೋಣೆ ಎಷ್ಟು ರಾತ್ರಿ ಬಳಕೆಯಾಯಿತು ಎಂಬ ಪ್ರಶ್ನೆ ಹೆಚ್ಚು ಕೆಲಸದ್ದು. ಒಟ್ಟು ನಿರ್ವಹಣೆಯ ಖರ್ಚನ್ನು ಆ ರಾತ್ರಿಗಳಿಂದ ಭಾಗಿಸಿದರೆ ಒಂದು ರಾತ್ರಿಯ ಬೆಲೆ ಗೊತ್ತಾಗುತ್ತದೆ.

ಇಂಗ್ಲೆಂಡಿನಲ್ಲೂ ವಾದ ನಡೆಯುವುದು ಇದೇ ಜಾಗದಲ್ಲಿ. ಅಲ್ಲಿ ಶತಮಾನಗಳ ಕಾಲ ನ್ಯಾಯಾಧೀಶರು ಊರಿಂದ ಊರಿಗೆ ಹೋಗಿ ವಿಚಾರಣೆ ನಡೆಸುತ್ತಿದ್ದರು, ಅವರಿಗೆಂದೇ ಊರೂರಲ್ಲಿ ದೊಡ್ಡ ಮನೆಗಳಿದ್ದವು. ಆ ಹಳೇ ವ್ಯವಸ್ಥೆಯನ್ನು 1971ರ ಕಾಯ್ದೆಯೊಂದು ತೆಗೆದುಹಾಕಿತು. ಲ್ಯಾಂಕಾಸ್ಟರ್, ಪಕ್ಕದ ವೇಲ್ಸಿನ ಪ್ರೆಸ್ಟೀನ್ ಊರುಗಳ ಮನೆಗಳು ಇವತ್ತು ಮ್ಯೂಸಿಯಂ. ಆದರೂ ಹೈಕೋರ್ಟ್ ನ್ಯಾಯಾಧೀಶರಿಗೆ ಕೆಲವು ಊರುಗಳಲ್ಲಿ ಈಗಲೂ ಸರ್ಕಾರಿ ವಸತಿ ಉಳಿದಿದೆ. ಹೋಟೆಲಿನಲ್ಲಿ ಇಳಿಸಿದರೆ ಅಗ್ಗವಲ್ಲವೇ ಎಂದು ಅಲ್ಲಿ ಕೇಳುತ್ತಲೇ ಇರುತ್ತಾರೆ.

ಹೋಟೆಲ್ ಯಾಕೆ ಬೇಡ?

ಕಾರವಾರ, ಗೋಕರ್ಣದಲ್ಲಿ ಒಳ್ಳೇ ರೆಸಾರ್ಟುಗಳಿಗೆ ಬರವಿಲ್ಲ. ಎರಡು ರಾತ್ರಿ ಹಣ ಕೊಟ್ಟು ಅಲ್ಲೇ ಇಳಿಸಿದರೆ ಐಬಿ ಸಾಕುವ ಕೆಲಸವೇ ತಪ್ಪುತ್ತದಲ್ಲ? ಬರೀ ಲೆಕ್ಕದ ಪ್ರಕಾರ ಸರಿಯೇ. ಆದರೆ ನಮ್ಮ ಜಿಲ್ಲೆಯ ವ್ಯಾಜ್ಯಗಳ ಪಟ್ಟಿ ಒಮ್ಮೆ ನೋಡಿ. ಸಮುದ್ರ ದಂಡೆಯ ಕಟ್ಟಡಗಳ ಮೇಲೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ತಕರಾರು. ಅರಣ್ಯ ಅತಿಕ್ರಮಣ. ಸೀಬರ್ಡ್ ನೌಕಾನೆಲೆಯ ನಿರಾಶ್ರಿತರ ಪರಿಹಾರ ದಶಕಗಟ್ಟಲೆ ಕೋರ್ಟುಗಳಲ್ಲಿ ಓಡಾಡಿದೆ. ಬೇಲೆಕೇರಿ ಬಂದರಿನ ಅದಿರಿನ ಪ್ರಕರಣವಿದೆ. ಇವತ್ತು ಆತಿಥ್ಯ ಕೊಟ್ಟವರು ನಾಳೆ ಅರ್ಜಿದಾರರೋ ಎದುರುದಾರರೋ ಆಗಿ ಎದುರಿಗೆ ನಿಲ್ಲುವ ಸಾಧ್ಯತೆ ಸಣ್ಣ ಊರುಗಳಲ್ಲಿ ದೊಡ್ಡದು.

ಇದನ್ನು ನ್ಯಾಯಾಂಗವೇ ಬರೆದಿಟ್ಟಿದೆ. ಸುಪ್ರೀಂ ಕೋರ್ಟ್ 1997ರಲ್ಲಿ ಒಪ್ಪಿಕೊಂಡ ನ್ಯಾಯಾಂಗ ಜೀವನದ ಮೌಲ್ಯಗಳ ಪಟ್ಟಿಯ ಪ್ರಕಾರ, ಕುಟುಂಬ, ಹತ್ತಿರದ ಬಂಧುಗಳು, ಸ್ನೇಹಿತರನ್ನು ಬಿಟ್ಟು ಬೇರೆಯವರಿಂದ ಉಡುಗೊರೆಯನ್ನಾಗಲಿ ಆತಿಥ್ಯವನ್ನಾಗಲಿ ನ್ಯಾಯಮೂರ್ತಿಗಳು ಪಡೆಯಬಾರದು. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು: ಹುದ್ದೆಗೆ ಸ್ಪಷ್ಟವಾಗಿ ಸೇರಿದ್ದಲ್ಲದ ಸವಲತ್ತನ್ನು ಕೇಳಬಾರದು. ಅನುಮಾನವಿದ್ದರೆ ಮುಖ್ಯ ನ್ಯಾಯಮೂರ್ತಿಗಳ ಮೂಲಕ ಬಗೆಹರಿಸಿಕೊಳ್ಳಬೇಕು.

ಈ ಕಾರಣಕ್ಕೇ ನಾನು ಐಬಿಯ ಪರ. ಜನರ ದುಡ್ಡಿನಲ್ಲಿ ನೆಟ್ಟಗೆ ಬಿಲ್ ಹಾಕಿಸಿದ ವಸತಿ ಎಷ್ಟೇ ದುಬಾರಿಯಾದರೂ, ಯಾರೋ ಪ್ರೀತಿಯಿಂದ ಕೊಟ್ಟ ಪುಕ್ಕಟೆ ವಸತಿಗಿಂತ ಅಗ್ಗ.

ಬಿಲ್ ಇಲ್ಲದ ಊಟ

ತೊಂದರೆ ಇರುವುದು ಊಟದಲ್ಲಿ. ಸುಪ್ರೀಂ ಕೋರ್ಟಿನ ಅಥವಾ ಬೇರೆ ರಾಜ್ಯದ ಹೈಕೋರ್ಟಿನ ನ್ಯಾಯಮೂರ್ತಿಗಳು ಬಂದರೆ ಸಾಮಾನ್ಯವಾಗಿ ಬೆಂಗಳೂರಿನ ಶಿಷ್ಟಾಚಾರ (ಪ್ರೊಟೊಕಾಲ್) ವಿಭಾಗದಿಂದ 'ರಾಜ್ಯ ಅತಿಥಿ' ಎಂದು ಆದೇಶ ಬರುತ್ತದೆ. ಆಗ ವಸತಿ, ಊಟ, ವಾಹನ ರಾಜ್ಯದ್ದು, ಬಿಲ್ ಹೋಗುವ ದಾರಿ ಗೊತ್ತು. 2025ರ ಮೇ ತಿಂಗಳಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಗವಾಯಿ ಅವರು ಮುಂಬೈಗೆ ಹೋದಾಗ ಹಿರಿಯ ಅಧಿಕಾರಿಗಳು ಬರಲಿಲ್ಲವೆಂದು ಸುದ್ದಿಯಾಯಿತು. ಆ ಬಳಿಕ ಮಹಾರಾಷ್ಟ್ರ ಸರ್ಕಾರ ಭಾರತದ ಮುಖ್ಯ ನ್ಯಾಯಮೂರ್ತಿಯನ್ನು ಕಾಯಂ ರಾಜ್ಯ ಅತಿಥಿ ಎಂದೇ ಘೋಷಿಸಿತು. ಪ್ರತಿ ಸಲ ಆದೇಶ ಕಾಯುವ ರಗಳೆ ಇಲ್ಲ.

ಆದರೆ ಎಲ್ಲ ಭೇಟಿಗೂ ಇಂಥ ಆದೇಶ ಇರುವುದಿಲ್ಲ. ಟೂರ್ ಪ್ರೋಗ್ರಾಂ ಬರುತ್ತದೆ, ಜಿಲ್ಲಾಧಿಕಾರಿ ಕಚೇರಿಯಿಂದ ತಹಶೀಲ್ದಾರರಿಗೆ ಫೋನ್ ಬರುತ್ತದೆ: "ವ್ಯವಸ್ಥೆ ನೋಡಿಕೊಳ್ಳಿ." ಅತಿಥಿ ಒಬ್ಬರು, ಜೊತೆಗೆ ಬಂದ ವಾಹನಗಳು ನಾಲ್ಕು, ತಟ್ಟೆ ಇಪ್ಪತ್ತು. ಅತಿಥಿಗಳು ಅಪ್ಪೆಹುಳಿ, ಅನ್ನ ಉಂಡು ಎದ್ದು ಹೋಗಿರಬಹುದು. ಬಿಲ್ ಮಾಡುವುದು ಅವರ ಸುತ್ತಲಿನ ಜನ. ತಹಶೀಲ್ದಾರರ ಕೈಯಲ್ಲಿ ಇದಕ್ಕೆಂದು ಇರುವ ಹಣ ಸಾಲುವುದಿಲ್ಲ ಎಂದು ಕಂದಾಯ ಇಲಾಖೆಯ ನೌಕರರು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಮಂತ್ರಿಗಳು, ಆಯೋಗಗಳು, ಹಿರಿಯ ಅಧಿಕಾರಿಗಳು, ಯಾರು ಬಂದರೂ ಅದೇ ಕತೆ. ಸಾಲದೇ ಬಂದದ್ದು ಎಲ್ಲಿಂದಲೋ ಹುಟ್ಟಬೇಕು. ಹೋಟೆಲಿನವರು "ಪರವಾಗಿಲ್ಲ ಸರ್, ನಮ್ಮದೇ ಅಂದ್ಕೊಳ್ಳಿ" ಅನ್ನಬೇಕು, ಇಲ್ಲವೇ ಸಿಬ್ಬಂದಿ ಕೈಯಿಂದ ಹಾಕಬೇಕು. ಕೈಯಿಂದ ಹಾಕಿದವರು ಅದನ್ನು ಎಲ್ಲಿ ತುಂಬಿಕೊಳ್ಳುತ್ತಾರೆ ಎಂದು ಕೇಳುವವರಿಲ್ಲ. ಖರ್ಚು ಮಾತ್ರ ಪುಸ್ತಕಕ್ಕೆ ಬರಲಿಲ್ಲ, ಲೆಕ್ಕಪತ್ರದಲ್ಲಿ ಎಲ್ಲವೂ ಮಿತವ್ಯಯ.

ಅಲ್ಲಿ ನ್ಯಾಯಮೂರ್ತಿಗಳಿಗೆ ಗೊತ್ತೇ ಇಲ್ಲದೆ, ಅವರು ಪಡೆಯಬಾರದ ಆತಿಥ್ಯ ಅವರ ತಟ್ಟೆಗೆ ಬಂದು ಬಿದ್ದಿರುತ್ತದೆ. ಹಾಗಾಗಿ ಶಿಷ್ಟಾಚಾರದ ಹಣವನ್ನು ಕಡಿತ ಮಾಡಿ ಎನ್ನುವುದಕ್ಕಿಂತ, ಎಷ್ಟು ಜನರಿಗೆ ಎಷ್ಟು ದರದ ಊಟ ಎಂದು ಮಿತಿ ಹಾಕಿ, ಅಷ್ಟನ್ನು ತಾಲ್ಲೂಕಿಗೆ ಮೊದಲೇ ಕೊಡಿ ಎನ್ನುವುದು ನನಗೆ ಸರಿ ಕಾಣುತ್ತದೆ. ತುರ್ತಿಗೆ ಎ.ಸಿ. ಬಿಲ್ಲಿನಲ್ಲಿ (ಅಬ್‌ಸ್ಟ್ರ್ಯಾಕ್ಟ್ ಕಂಟಿಂಜೆಂಟ್, ಅಂದರೆ ವಿವರವಿಲ್ಲದ ಸಂಕ್ಷಿಪ್ತ ಬಿಲ್) ಮುಂಗಡ ತೆಗೆದು ಆಮೇಲೆ ವಿವರದ ಬಿಲ್ ಕೊಡುವ ಪದ್ಧತಿ ಖಜಾನೆಯಲ್ಲಿ ಇದ್ದೇ ಇದೆ. ಎ.ಸಿ. ಬಿಲ್ಲುಗಳಿಗೆ ವಿವರ ಬಾಕಿ ಉಳಿಯುತ್ತಿರುವುದನ್ನು ಸರ್ಕಾರಿ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳು ಮತ್ತೆ ಮತ್ತೆ ಎತ್ತಿ ತೋರಿಸಿವೆ ಎನ್ನುವುದೂ ನಿಜ.

ದೇವರ ದರ್ಶನಕ್ಕೆ ಬಂದರೆ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ತಪ್ಪಿಸಲಾಗದು. ಗೋಕರ್ಣ, ಇಡಗುಂಜಿ, ಮುರ್ಡೇಶ್ವರ, ಶಿರಸಿಯ ಮಾರಿಕಾಂಬೆ. ಶನಿವಾರ ಕೋರ್ಟ್ ತಪಾಸಣೆ, ಭಾನುವಾರ ದರ್ಶನ ಎಂದು ಕಾರ್ಯಕ್ರಮ ಇದ್ದರೆ ಭಾನುವಾರದ ಡೀಸೆಲ್ ಯಾವ ಲೆಕ್ಕಕ್ಕೆ? ಪ್ರಯಾಣ ಭತ್ಯೆ ಸಿಗುವುದು ಕರ್ತವ್ಯದ ಪ್ರಯಾಣಕ್ಕೆ ಮಾತ್ರ. ಉಳಿದದ್ದು ಸ್ವಂತ ಖರ್ಚು, ಐಬಿ ರಿಜಿಸ್ಟರಿನಲ್ಲಿ 'ಖಾಸಗಿ' ಕಲಂ ಇರುವುದು ಅದಕ್ಕೇ. ಭದ್ರತೆ ಮಾತ್ರ ಎರಡೂ ದಿನ ಇರುತ್ತದೆ. ಬೆದರಿಕೆ ಭಾನುವಾರ ರಜೆ ಹಾಕುವುದಿಲ್ಲವಲ್ಲ. ಆ ಖರ್ಚು ಪೊಲೀಸ್ ಇಲಾಖೆಯದು.

ಗೋಕರ್ಣದ ವಿಷಯ ಇನ್ನೂ ಸೂಕ್ಷ್ಮ. ಮಹಾಬಲೇಶ್ವರ ದೇವಸ್ಥಾನವನ್ನು 2008ರಲ್ಲಿ ಸರ್ಕಾರ ರಾಮಚಂದ್ರಾಪುರ ಮಠಕ್ಕೆ ವಹಿಸಿತು, 2018ರಲ್ಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. 2021ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯಲ್ಲಿ ಮೇಲುಸ್ತುವಾರಿ ಸಮಿತಿ ಮಾಡಿತು. ಇಂಥ ದೇವಸ್ಥಾನದಲ್ಲಿ ಪೂರ್ಣಕುಂಭ, ಶಾಲು, ಪ್ರಸಾದದ ಬುಟ್ಟಿ ಎಲ್ಲವೂ ಭಕ್ತಿಯಿಂದಲೇ ಬರಬಹುದು, ಆದರೆ ಕೊಡುವ ಕೈ ವ್ಯಾಜ್ಯದ ಒಂದು ಪಕ್ಷದ್ದಾಗಿರಬಹುದು.

ಸವಲತ್ತಿನ ಗೆರೆ ಎಲ್ಲಿ ಎಂದು ನ್ಯಾಯಾಂಗದ ಒಳಗೇ ಎರಡು ಸಲ ಖಡಕ್ಕಾಗಿ ಹೇಳಿಸಿಕೊಂಡದ್ದಿದೆ. 2023ರ ಜುಲೈನಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ರೈಲು ತಡವಾಗಿ, ಕೇಳಿದಾಗ ತಿಂಡಿಯೂ ಸಿಗದೆ, ಅಲ್ಲಿನ ಶಿಷ್ಟಾಚಾರ ರಿಜಿಸ್ಟ್ರಾರ್ ರೈಲ್ವೆಯವರಿಗೆ ವಿವರಣೆ ಕೇಳಿ ಪತ್ರ ಬರೆದರು. ಆಗ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಡಿ.ವೈ. ಚಂದ್ರಚೂಡ್ ಎಲ್ಲ ಹೈಕೋರ್ಟುಗಳ ಮುಖ್ಯಸ್ಥರಿಗೆ ಬರೆದು, ಶಿಷ್ಟಾಚಾರದ ಸೌಲಭ್ಯ ಇರುವುದು ಸಮಾಜದಿಂದ ಬೇರೆಯಾಗಿ ನಿಲ್ಲುವ ಹಕ್ಕಿಗಾಗಿ ಅಲ್ಲ ಎಂದರು. ಇನ್ನೊಂದು ಪ್ರಕರಣವೂ ಅಲಹಾಬಾದಿನದೇ. ನಿವೃತ್ತ ನ್ಯಾಯಮೂರ್ತಿಗಳ ಮನೆಗೆಲಸದ ನೆರವಿನ ನಿಯಮಗಳನ್ನು ಹೊರಡಿಸಿ ಎಂದು ಹೈಕೋರ್ಟ್ ರಾಜ್ಯ ಸರ್ಕಾರಕ್ಕೆ ಆದೇಶಿಸಿತು, ಹೊರಡಿಸಲಿಲ್ಲವೆಂದು ಹಣಕಾಸು ಇಲಾಖೆಯ ಅಧಿಕಾರಿಗಳನ್ನು ವಶಕ್ಕೆ ತೆಗೆದುಕೊಳ್ಳಲಾಯಿತು. 2024ರ ಜನವರಿ 3ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮುಖ್ಯ ನ್ಯಾಯಮೂರ್ತಿಗಳು ಸೂಚಿಸಿದ ನಿಯಮವನ್ನೇ ಹೊರಡಿಸಬೇಕು ಎಂದು ಸರ್ಕಾರಕ್ಕೆ ಆಜ್ಞೆ ಮಾಡಲು ಹೈಕೋರ್ಟಿಗೂ ಬರುವುದಿಲ್ಲ ಎಂದಿತು.

ಲೆಕ್ಕ ಕೇಳುವುದು ಹೇಗೆ?

ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಆದರೆ ಒಂದೇ ಅರ್ಜಿಯಲ್ಲಿ ಎಲ್ಲ ಸಿಗುವುದಿಲ್ಲ. ಜೇಬು ಎಷ್ಟೋ ಅರ್ಜಿ ಅಷ್ಟು. ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, 10 ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನ. ಹೈಕೋರ್ಟಿಗೆ ಹಾಕುವುದಾದರೆ ಅಲ್ಲಿ ಯಾವ ನಿಯಮ ಎಂದು ನೋಡಿಕೊಂಡು ಹಾಕಬೇಕು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮುಖ್ಯ ನ್ಯಾಯಮೂರ್ತಿಯ ಕಚೇರಿಯೂ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತದೆ ಎಂದ ಮೇಲೆ, ಕೋರ್ಟಿನ ಖರ್ಚು ಕೇಳಲು ಹೆದರುವ ಕಾರಣವಿಲ್ಲ. ಎಸ್ಕಾರ್ಟ್ ಎಷ್ಟು, ಯಾವ ದಾರಿ ಎಂಬ ವಿವರ ಭದ್ರತೆಯ ಕಾರಣಕ್ಕೆ ಸಿಗುವುದಿಲ್ಲ. ಅದು ಸರಿಯೂ ಹೌದು.

"ಇಂತಿಂಥ ನ್ಯಾಯಮೂರ್ತಿಗಳ ಭೇಟಿಗೆ ಎಷ್ಟು ಖರ್ಚಾಯಿತು" ಎಂದು ಕೇಳಿದರೆ "ಪ್ರತ್ಯೇಕ ಲೆಕ್ಕ ಇಟ್ಟಿಲ್ಲ" ಎಂಬ ಒಂದು ಸಾಲಿನ ಉತ್ತರ ಬರುವ ಸಂಭವವೇ ಜಾಸ್ತಿ. ಕೇಳುವುದೇ ಆದರೆ ಕಾಗದವನ್ನು ಕೇಳಿ. ಲೋಕೋಪಯೋಗಿ ಉಪವಿಭಾಗಕ್ಕೆ ಐಬಿಯ ರಿಜಿಸ್ಟರಿನ ಒಂದು ವರ್ಷದ ಪುಟಗಳು, ರಸೀದಿ ಪುಸ್ತಕದ ಪ್ರತಿ ಮತ್ತು ಅದೇ ವರ್ಷದ ದುರಸ್ತಿ ಬಿಲ್ಲುಗಳು. ತಹಶೀಲ್ದಾರ್ ಕಚೇರಿಗೆ ಶಿಷ್ಟಾಚಾರಕ್ಕೆ ಬಂದ ಅನುದಾನ, ಪಾವತಿಸಿದ ಬಿಲ್ಲು, ಇನ್ನೂ ಬಾಕಿ ಇರುವ ಬಿಲ್ಲುಗಳ ಪಟ್ಟಿ. ಪ್ರತಿ ಮಾಡಿಸುವ ಖರ್ಚು ಜಾಸ್ತಿ ಅನ್ನಿಸಿದರೆ ಕಡತವನ್ನು ಕಚೇರಿಯಲ್ಲೇ ಕೂತು ನೋಡುವ ಹಕ್ಕೂ ಅದೇ ಕಾಯ್ದೆಯಲ್ಲಿದೆ, ಅರ್ಜಿಯಲ್ಲೇ 'ಪರಿಶೀಲನೆಗೆ ಅವಕಾಶ ಕೊಡಿ' ಎಂದು ಬರೆದರೆ ಆಯಿತು. ನೋಡುವಾಗ ರಸೀದಿ ಸಂಖ್ಯೆಯ ಕಲಂನಿಂದ ಶುರು ಮಾಡಿ.